ಲಾಕರಿನಲ್ಲಿ ಇಲ್ಲದ ಸರ

ಮೈಸೂರಿನಿಂದ ಒಬ್ಬ ತಂಗಿ ಬರೆದ ಪತ್ರ ಎರಡು ದಿನದಿಂದ ತಲೆಯಲ್ಲೇ ಕೂತಿದೆ.

ವಿಷಯ ಇಷ್ಟು. 3 ವರ್ಷದ ಹಿಂದೆ ಮಂಡ್ಯದ ಕಡೆ ಹಳ್ಳಿಯಲ್ಲಿರುವ ತಮ್ಮ ಬಂದು, ಬೋರ್‌ವೆಲ್ ಕೊರೆಸಬೇಕು ಅಂತ ಇವರ 40 ಗ್ರಾಂ ಸರ ತೆಗೆದುಕೊಂಡು ಹೋಗಿ ಗಿರವಿ ಇಟ್ಟ. ಕಬ್ಬಿನ ದುಡ್ಡು ಬಂದ ತಕ್ಷಣ ಬಿಡಿಸಿಕೊಡ್ತೀನಿ ಅಕ್ಕ ಅಂದ. ಕಬ್ಬಿನ ದುಡ್ಡು ಬಂತು, ಮನೆ ಮುಂದೆ ಹೊಸ ಬೈಕೂ ಬಂತು, ಸರ ಮಾತ್ರ ಹರಾಜಿಗೆ ಹೋಯಿತು. ಅವನು ಆ ಮಾತೇ ಎತ್ತುವುದಿಲ್ಲ. ಅಮ್ಮ ಮಾತ್ರ ಫೋನ್ ಮಾಡಿದಾಗೆಲ್ಲ, ಭಾನುವಾರ ತಪ್ಪದೆ ಪೂಜೆಗೆ ಹೋಗ್ತೀಯ, ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಯೇಸುಸ್ವಾಮಿ ಹೇಳಿಲ್ವಾ ಅಂತ ಚುಚ್ಚುತ್ತಾರೆ. ಪರಲೋಕ ಪ್ರಾರ್ಥನೆಯಲ್ಲಿ, ನಾವು ಬೇರೆಯವರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅನ್ನುವ ಸಾಲು ಬರುವಾಗ ಬಾಯಿ ಕಟ್ಟಿಹೋಗುತ್ತೆ ಅಕ್ಕ, ನಾನು ಪಾಪಿಯಾ ಅಂತ ಕೇಳಿದ್ದಾರೆ.

ತಾಯಿ, ನನಗೆ ನಿಮ್ಮ ತಮ್ಮನಿಗಿಂತ ಜಾಸ್ತಿ ಕೋಪ ಬಂದಿದ್ದು ನಿಮ್ಮ ಅಮ್ಮನ ಮೇಲೆ. ಏಳೆಪ್ಪತ್ತು ಸಾರಿ ಅನ್ನುವುದು ಬೈಬಲಿನ ಮತ್ತಾಯನ ಸುವಾರ್ತೆ, 18ನೇ ಅಧ್ಯಾಯದ 22ನೇ ವಚನ. ಅಲ್ಲಿಂದ ಏಳೇ ವಚನ ಹಿಂದಕ್ಕೆ ಹೋಗಿ. ಸಹೋದರ ತಪ್ಪು ಮಾಡಿದರೆ ನೀನು ಹೋಗಿ, ನೀವಿಬ್ಬರೇ ಇರುವಾಗ, ಅವನ ತಪ್ಪನ್ನು ಅವನಿಗೆ ತಿಳಿಸು ಅಂತಿದೆ. ಅದನ್ನು ಹಾರಿಸಿ ಇದನ್ನು ಮಾತ್ರ ಓದಿದರೆ ಹೇಗೆ? ಅದೇ ಅಧ್ಯಾಯದ ಕೊನೆಗೆ, ಒಡೆಯ ತನ್ನ ದೊಡ್ಡ ಸಾಲ ಮನ್ನಾ ಮಾಡಿದರೂ ಜೊತೆಯಾಳನ್ನು ಬಿಡದ ಕರುಣೆಯಿಲ್ಲದ ಆಳಿನ ಕತೆ ಬರುತ್ತೆ, ಆ ಜೊತೆಯಾಳಿನಿಂದ ಅವನಿಗೆ ಬರಬೇಕಿದ್ದುದು 100 ದೀನಾರಿ, ಅಂದರೆ ಆ ಕಾಲದ ಬೆಳ್ಳಿ ನಾಣ್ಯ. ಸಣ್ಣ ಸಾಲ ಅಂತ ಪ್ರಸಂಗದಲ್ಲಿ ಕೇಳಿರುತ್ತೀರಿ. ಯೇಸು ಹೇಳಿದ ದ್ರಾಕ್ಷಿತೋಟದ ಕತೆಯಲ್ಲಿ ಒಂದು ದೀನಾರಿ ಅಂದರೆ ಒಂದು ದಿನದ ಕೂಲಿ. 100 ದಿನದ ಕೂಲಿ ಸಣ್ಣದಾ? ಆದರೆ ಆ ಸಾಲಗಾರ ಕಾಲಿಗೆ ಬಿದ್ದು, ಸ್ವಲ್ಪ ತಾಳಿಕೋ, ಕೊಟ್ಟುಬಿಡ್ತೀನಿ ಅಂದಿದ್ದ. ನಿಮ್ಮ ತಮ್ಮ ಅಂದಿದ್ದಾನಾ? ಸುಂಕ ವಸೂಲಿ ಮಾಡುತ್ತಿದ್ದ ಬೈಬಲಿನ ಜಕ್ಕಾಯನಂತೂ ಯಾರೂ ಕೇಳುವ ಮೊದಲೇ, ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡ್ತೀನಿ ಅಂದ. ಮನಸ್ಸಲ್ಲಿ ಕಹಿ ಬಿಡುವುದು ಬೇರೆ, ಲೆಕ್ಕ ಅಳಿಸುವುದು ಬೇರೆ. ಇದನ್ನು ಈ ಅಂಕಣದಲ್ಲಿ ನೂರು ಸಾರಿ ಹೇಳಿದ್ದೀನಿ, ಒಡಹುಟ್ಟಿದವರ ಮಧ್ಯೆಯೂ ಚಿನ್ನದ ವಿಷಯಕ್ಕೆ ಒಂದು ಚೀಟಿ ಬರೆಸಿಕೊಳ್ಳಿ ಅಂತಲೂ ಹೇಳಿದ್ದೀನಿ, ಯಾರು ಕೇಳ್ತಾರೆ!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ ಒಂದು ಸಾಲು. "ಮನೆಯವರಿಗೆ ಇದು ಗೊತ್ತಿಲ್ಲ, ಸರ ಲಾಕರಿನಲ್ಲಿದೆ ಅಂದ್ಕೊಂಡಿದ್ದಾರೆ, ಹಬ್ಬಕ್ಕೆ ಅದೇ ಥರದ್ದು ಒಂದು ಗ್ರಾಂ ಗೋಲ್ಡ್ ಹಾಕ್ಕೋತೀನಿ." ಹಾಗೆ ಹೇಳು, ತವರಿನ ಮಾನ ಹೋಗುತ್ತೆ ಅಂದವರೂ ಅಮ್ಮನೇ. ಅದು ಕಪ್ಪಾಗದಿರಲಿ ಅಂತ ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿಯುತ್ತೀರಂತೆ. 3 ಕ್ರಿಸ್ಮಸ್, 3 ಈಸ್ಟರ್, ಫಿಲೋಮಿನಾ ಚರ್ಚಿನಲ್ಲಿ ಪಕ್ಕದಲ್ಲೇ ಗಂಡ ಕೂತಿರುವಾಗ ಕುತ್ತಿಗೆಯಲ್ಲಿ ಆ ಸರ. ಬಾಯಿ ಕಟ್ಟಿಹೋಗಿದ್ದು ತಮ್ಮನಿಂದ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ.

ನಿಮ್ಮ ಗಂಡ ಕೂಗಾಡುವವರಲ್ಲ, ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ. ಮತ್ತೆ ಯಾಕೆ ಹೆದರಿಕೆ? ಬೇಜಾರು ಮಾಡಿಕೊಳ್ತಾರೆ, ನಾಲ್ಕು ದಿನ ಮಾತು ಕಡಿಮೆ ಆಗಬಹುದು, ಆಗಲಿ. ಅವರಿಗೆ ಸಿಟ್ಟು ಬರುವುದು ಸರಕ್ಕಲ್ಲ, 3 ವರ್ಷ ಮುಚ್ಚಿಟ್ಟಿದ್ದಕ್ಕೆ, ಅದೂ ನ್ಯಾಯವೇ ಅಲ್ವಾ?

ಇವತ್ತು ರಾತ್ರಿ ಊಟ ಆದ ಮೇಲೆ ಆ ಒಂದು ಗ್ರಾಂ ಸರ ಬಿಚ್ಚಿ ಅವರ ಮುಂದೆ ಇಟ್ಟು ಎಲ್ಲ ಹೇಳಿ. ಇಷ್ಟೇ ಮಾಡಿ. ತಮ್ಮನ ವಿಷಯ ಆಮೇಲೆ ನೋಡೋಣ. ಮಧ್ಯದಲ್ಲಿ ಅಮ್ಮನ ಫೋನ್ ಬಂದರೆ ಇವತ್ತೊಂದು ದಿನ ಎತ್ತಬೇಡಿ.