ಮೇ ತಿಂಗಳಲ್ಲೇ ಹೊರಡಬೇಕೆಂದ ಹುಡುಗಿ

ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಆಕೆಯನ್ನು ವಸುಧಾ ಎಂದು ಕರೆಯುತ್ತೇನೆ. ತಿಪಟೂರು ಕಡೆಯ ತೆಂಗು ಬೆಳೆಗಾರರ ಮಗಳು. ಎಂ.ಟೆಕ್. ಮುಗಿಸಿ, ಅಂತರ್ಜಲದ ವಿಷಯದಲ್ಲಿ ಪಿಎಚ್.ಡಿ. ಮಾಡಲು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದಳು. ಪ್ರವೇಶಕ್ಕೆ ಒಪ್ಪಿಗೆ ತಿಳಿಸಲು ಅಲ್ಲಿನ ಬಹುತೇಕ ಕಡೆ ಏಪ್ರಿಲ್ 15 ಗಡುವು. ಅದು ಮುಗಿದ ಮರುವಾರ ಆಕೆ ನನ್ನ ಮುಂದೆ ಕುಳಿತಿದ್ದಳು.

ಕೈಯಲ್ಲಿ ಎರಡು ಪುಟದ ಪತ್ರವಿತ್ತು. ಮಾರ್ಗದರ್ಶಕಿಯಾಗಲಿರುವ ಪ್ರಾಧ್ಯಾಪಕಿಗೆ ಬರೆದ ಕರಡು. ಆಗಸ್ಟ್‌ವರೆಗೆ ಕಾಯದೆ ಮೇ ತಿಂಗಳಿನಿಂದಲೇ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದೇ ಎಂಬುದು ಅದರ ಸಾರ. ಆ ಪ್ರಶ್ನೆ ಬರುವ ಹೊತ್ತಿಗೆ ಎರಡನೆಯ ಪುಟದ ಅರ್ಧ ಕಳೆದಿತ್ತು. ಅದಕ್ಕೆ ಮೊದಲು ಇದ್ದದ್ದೆಲ್ಲ ಕೃತಜ್ಞತೆ, ಬಾಲ್ಯ, ಅಂಕಪಟ್ಟಿ, ಮತ್ತೆ ಕೃತಜ್ಞತೆ. ಹೆಚ್ಚುಕಡಿಮೆ ಪ್ರತಿ ವಾಕ್ಯಕ್ಕೂ ಒಂದು 'ಮೇಡಂ'. ಕಾಗದದ ಮಡಿಕೆಗಳು ಸವೆದು ಹರಿಯುವಂತಾಗಿದ್ದವು. ಎಷ್ಟು ಸಲ ತೆಗೆದು ಓದಿದ್ದಳೋ!

"ಕೇಳಿದರೆ ದುರಾಸೆಯವಳು ಅಂದುಕೊಳ್ಳುತ್ತಾರೆ, ಕೇಳದಿದ್ದರೆ ಆಸಕ್ತಿ ಇಲ್ಲದವಳು ಅಂದುಕೊಳ್ಳುತ್ತಾರೆ. ನಾನೇನು ಮಾಡಲಿ?" ಎಂದಳು.

ಪತ್ರವನ್ನು ಬದಿಗಿಟ್ಟು, ಮೇ ತಿಂಗಳೇ ಏಕೆ ಎಂದು ಕೇಳಿದೆ. ಬೇಗ ಕಲಿಯಬಹುದು, ಪ್ರಬಂಧಗಳನ್ನು ಓದಬಹುದು ಎಂದು ಶುರುಮಾಡಿದವಳು ನಡುವೆ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊರಬಂತು. ಬೋಧನಾ ಶುಲ್ಕ ಮಾಫಿ, ತಿಂಗಳ ಸ್ಟೈಪೆಂಡ್ ಎರಡೂ ಸಿಕ್ಕಿದ್ದವು. ಆದರೆ ವಿಮಾನದ ಟಿಕೆಟ್, ವೀಸಾ ಶುಲ್ಕ, ಅಲ್ಲಿ ಬಾಡಿಗೆ ಮನೆಯ ಮುಂಗಡ ಎಲ್ಲ ಸೇರಿ ಸುಮಾರು ಮೂರು ಲಕ್ಷ ಬೇಕಿತ್ತು. ಅಪ್ಪ ಅಟ್ಟದ ಮೇಲಿನ ಕೊಬ್ಬರಿಯನ್ನು ಮಾರಲು ಹೊರಟಿದ್ದರು. ಆ ಕಡೆಯವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಅಟ್ಟದ ಮೇಲೆ ಒಣಗಬೇಕು. ಅಲ್ಲಾಡಿಸಿದಾಗ ಒಳಗಿನ ಉಂಡೆ ಚಿಪ್ಪಿಗೆ ಬಡಿದು ಗಡಗಡ ಎನ್ನಬೇಕು. ಇವರ ಅಟ್ಟದ ಕಾಯಿಗೆ ಇನ್ನೂ ಆ ಸದ್ದು ಬಂದಿರಲಿಲ್ಲ. ಈಗ ಮಾರಿದರೆ ಸಿಗುವುದು ಹಸಿ ಕಾಯಿಯ ಬೆಲೆ.

ಹೀಗಾಗಿ ಮೇನಲ್ಲೇ ಹೋಗಿ ಎರಡು ತಿಂಗಳು ದುಡಿದು ಅಪ್ಪನಿಗೆ ಹಣ ಕಳುಹಿಸುವ ಲೆಕ್ಕ ಹಾಕಿದ್ದಳು. ಪರಿಚಯದ ಹಿರಿಯ ವಿದ್ಯಾರ್ಥಿಯೊಬ್ಬ, ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿಬಿಡು, ಉಳಿದದ್ದು ಆಮೇಲೆ ಆಗುತ್ತದೆ ಎಂದಿದ್ದನಂತೆ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಭಯವಾಯಿತು.

ಆ ಮಾತನ್ನು ಅಲ್ಲೇ ಬಿಡುವಂತೆ ಗಟ್ಟಿಯಾಗಿ ಹೇಳಿದೆ. ಪ್ರವಾಸಿ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ಹೋಗುವುದು ಎರಡು ತಿಂಗಳ ಸಂಪಾದನೆಯಲ್ಲ, ಐದು ವರ್ಷದ ಪಿಎಚ್.ಡಿ. ಇನ್ನು ವಿದ್ಯಾರ್ಥಿಗಳ ಎಫ್-1 ವೀಸಾ. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ವ್ಯಾಸಂಗ ಆರಂಭವಾಗುವ ದಿನಾಂಕ ಇರುತ್ತದೆ. ಹೊಸ ವಿದ್ಯಾರ್ಥಿ ಅದಕ್ಕೆ 30 ದಿನಕ್ಕಿಂತ ಮೊದಲು ಆ ದೇಶವನ್ನು ಪ್ರವೇಶಿಸುವಂತಿಲ್ಲ. ವಸುಧಾಳ ಐ-20ಯಲ್ಲಿದ್ದದ್ದು ಆಗಸ್ಟ್ ಮೂರನೆಯ ವಾರ. ಅಂದರೆ ಜುಲೈ ಮೂರನೆಯ ವಾರಕ್ಕೆ ಮೊದಲು ಹೋಗುವ ಮಾತೇ ಇರಲಿಲ್ಲ. ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಾಧ್ಯಾಪಕಿ ಅದಕ್ಕೆ ಹೂಂ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಅಮೆರಿಕದವರೇ ಆದ ಸಹಪಾಠಿಗಳು ಮೇನಲ್ಲೇ ಸೇರಿಕೊಳ್ಳುವುದುಂಟು. ಅವರನ್ನು ನೋಡಿ ಇವಳಿಗೆ ತಾನು ಹಿಂದೆ ಬಿದ್ದೆ ಎನ್ನಿಸಿತ್ತು.

ಪ್ರಾಧ್ಯಾಪಕರ ಕಡೆಯಿಂದಲೂ ಒಮ್ಮೆ ನೋಡು ಎಂದೆ. ಅಲ್ಲಿ ಅನೇಕ ಪ್ರಾಧ್ಯಾಪಕರ ಸಂಬಳ ಒಂಬತ್ತು ತಿಂಗಳಿನದು. ಬೇಸಿಗೆಯ ತಿಂಗಳುಗಳಿಗೆ ಅವರೂ ಸಂಶೋಧನಾ ಅನುದಾನದಿಂದಲೇ ಹಣ ಹೊಂದಿಸಿಕೊಳ್ಳಬೇಕು. ಯಾರಿಗೆ ಎಷ್ಟು ಎಂಬುದು ಆ ಅನುದಾನದಲ್ಲಿ ಮೊದಲೇ ಹಂಚಿಕೆಯಾಗಿರುತ್ತದೆ. ನಮ್ಮಲ್ಲಿ ಮುಂಗಾರು ಹಿಡಿಯುವ ಜೂನ್, ಜುಲೈ ಅವರಿಗೆ ಬೇಸಿಗೆ. ಪಾಠವಿಲ್ಲದ ಆ ದಿನಗಳಲ್ಲೇ ಕ್ಷೇತ್ರಕಾರ್ಯ, ಸಮ್ಮೇಳನ, ಬರವಣಿಗೆ, ಮನೆಯವರ ಜೊತೆ ನಾಲ್ಕು ದಿನ ಎಲ್ಲವೂ ಆಗಬೇಕು. ಭಾರತದಲ್ಲಿ ಕುಳಿತವರಿಗೆ ಸ್ಟೈಪೆಂಡ್ ಪಾವತಿಸುವುದು ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ತೊಡಕಿನ ಕೆಲಸ. ಆಗುವುದಿಲ್ಲ ಎಂಬ ಉತ್ತರ ಬಂದರೆ ಅದು ಇವಳ ಯೋಗ್ಯತೆಯ ಮೇಲಿನ ತೀರ್ಪಾಗಿರುವುದಿಲ್ಲ.

ಹಾಗಾದರೆ ಬರೆಯುವುದೇ ಬೇಡವೇ ಎಂದಳು. ಖಂಡಿತ ಬರೆಯಬೇಕು ಎಂದೆ. ಸೇರುವ ಮೊದಲು ಬೇಸಿಗೆಯ ಬಗ್ಗೆ ಮಾರ್ಗದರ್ಶಕರನ್ನು ಕೇಳುವುದು ಅಲ್ಲಿ ತೀರಾ ಸಾಮಾನ್ಯ ಸಂಗತಿ, ಅದರಲ್ಲಿ ಅವಿನಯ ಏನೂ ಇಲ್ಲ. (ಜೀವವಿಜ್ಞಾನದ ಕೆಲವು ವಿಭಾಗಗಳಲ್ಲಿ ಮೊದಲ ವರ್ಷ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದ ಮೇಲೆಯೇ ಮಾರ್ಗದರ್ಶಕರು ಗೊತ್ತಾಗುತ್ತಾರೆ. ಅಂಥವರು ಮೊದಲು ವಿಭಾಗದ ಸಂಯೋಜಕರನ್ನು ಕೇಳುವುದು ಒಳ್ಳೆಯದು.) ಆದರೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕಿತ್ತು. ಹಣದ ಪ್ರಶ್ನೆ ವಿಭಾಗದ ಕಚೇರಿಗೆ, ಓದಿನ ಪ್ರಶ್ನೆ ಪ್ರಾಧ್ಯಾಪಕಿಗೆ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದ್ದರಿಂದಲೇ ಅದು ಎರಡು ಪುಟವಾಗಿತ್ತು.

ಅಲ್ಲೇ ಕುಳಿತು ಹೊಸದಾಗಿ ಬರೆದೆವು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: 'ಆಗಸ್ಟ್‌ನಲ್ಲಿ ನಿಮ್ಮ ತಂಡ ಸೇರಲು ಕಾಯುತ್ತಿದ್ದೇನೆ. ಜೂನ್, ಜುಲೈನಲ್ಲಿ ಊರಿನಲ್ಲೇ ಇರುತ್ತೇನೆ, ವಾರಕ್ಕೆ ಸುಮಾರು ಹತ್ತು ಗಂಟೆ ಓದಿಗೆ ಕೊಡಬಲ್ಲೆ. ಮೊದಲ ವರ್ಷದ ಕೆಲಸಕ್ಕೆ ಸಿದ್ಧಳಾಗಲು ಏನನ್ನು ಓದಬೇಕು, ಯಾವುದನ್ನು ಅಭ್ಯಾಸ ಮಾಡಬೇಕು ಎಂದು ತಿಳಿಸುವಿರಾ? ಈಗ ಬಿಡುವಿಲ್ಲದಿದ್ದರೆ ಆಗಸ್ಟ್‌ನಲ್ಲಿ ಮಾತನಾಡೋಣ.' ಕೊನೆಯ ವಾಕ್ಯಕ್ಕೆ ನಾನು ಹಟ ಹಿಡಿದೆ. ಇಲ್ಲ ಎನ್ನಲು ಎದುರಿನವರಿಗೆ ದಾರಿ ಬಿಟ್ಟು ಕೇಳಿದಾಗ ಕೇಳುವವರ ಎದೆಯೂ ಹಗುರವಾಗುತ್ತದೆ. ಹತ್ತು ಗಂಟೆ ಎಂಬ ಮಾತಿಗೂ ಕಾರಣವಿತ್ತು. ಮಿತಿ ಹೇಳದೆ ಹೋದರೆ, ಸಂಬಳವಿಲ್ಲದೆ ಹಗಲಿರುಳು ದುಡಿದು ಮೆಚ್ಚುಗೆ ಗಳಿಸಲು ಹೊರಡುವ ಹುಡುಗಿ ಇವಳು ಎಂಬುದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಕಚೇರಿಗೆ ಬರೆದ ಪತ್ರದಲ್ಲಿ ಎರಡೇ ಪ್ರಶ್ನೆ. ಮೊದಲ ಸ್ಟೈಪೆಂಡ್ ಯಾವ ದಿನಾಂಕಕ್ಕೆ ಕೈಗೆ ಬರುತ್ತದೆ? ಅಲ್ಲಿಯವರೆಗೆ ಹೊಸ ವಿದ್ಯಾರ್ಥಿಗಳಿಗೆ ಮುಂಗಡವಾಗಿ ಅಥವಾ ಅಲ್ಪಾವಧಿಯ ಸಾಲವಾಗಿ ಏನಾದರೂ ಸಿಗುತ್ತದೆಯೇ? ಈ ಪ್ರಶ್ನೆ ಕೇಳದೆ ಹೋಗಿ ಮೊದಲ ತಿಂಗಳು ಪರದಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಪ್ರಾಧ್ಯಾಪಕಿಯ ಉತ್ತರ ಒಂಬತ್ತು ದಿನದ ನಂತರ ಬಂತು. ಆ ಒಂಬತ್ತು ದಿನಗಳಲ್ಲಿ ವಸುಧಾ ನನಗೆ ನಾಲ್ಕು ಸಲ ಫೋನ್ ಮಾಡಿದಳು, ನೆನಪಿಸಿ ಇನ್ನೊಂದು ಪತ್ರ ಬರೆಯಲೇ ಎಂದು. ಎರಡು ವಾರ ಕಾಯಲು ಹೇಳಿದ್ದೆ. ಬಂದ ಉತ್ತರ ಚಿಕ್ಕದು, ಬೆಚ್ಚಗಿತ್ತು. ಬೇಸಿಗೆಗೆ ಹಣವಿಲ್ಲ, ಅದಕ್ಕಾಗಿ ಕೆಲಸ ಹಚ್ಚುವುದಿಲ್ಲ. ಬಯಸಿದರೆ ಮಾಡ್‌ಫ್ಲೋ ಕಲಿತು ಬಾ. ವಾರದ ಸಭೆಗೆ ಆನ್‌ಲೈನ್‌ನಲ್ಲಿ ಬಂದು ಕೇಳಿಸಿಕೋ. ಮನೆಯವರ ಜೊತೆ ಸಮಯ ಕಳೆ.

ಮಾಡ್‌ಫ್ಲೋ ಎಂದರೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರೂಪಿಸಿದ, ಅಂತರ್ಜಲದ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ವಸುಧಾ ಅಪ್ಪನ ತೋಟದ ಕೊಳವೆಬಾವಿಯನ್ನೇ ಪುಟ್ಟ ಮಾದರಿಯಾಗಿ ಕಟ್ಟಿದಳು. ಅಲ್ಲಿನ ಬೆಳಗಿನ ಹತ್ತರ ಸಭೆ ಇಲ್ಲಿ ರಾತ್ರಿ ಎಂಟೂವರೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದಳು. ಮೊದಲ ಎರಡು ವಾರ ಏನೂ ತಿಳಿಯಲಿಲ್ಲ ಎಂದು ಅತ್ತಿದ್ದೂ ಉಂಟು.

ಕಚೇರಿ ತಿಳಿಸಿದಂತೆ ಮೊದಲ ಸ್ಟೈಪೆಂಡ್ ಸೆಪ್ಟೆಂಬರ್ ಕೊನೆಗೆ. ಸೇರಿದ ವಾರದಲ್ಲೇ ಸಣ್ಣ ಮೊತ್ತದ ಬಡ್ಡಿರಹಿತ ಸಾಲ ಕೊಡುವುದಾಗಿಯೂ ಬರೆದಿದ್ದರು. ಅಪ್ಪನನ್ನೂ ಕರೆಸಿ ಕಾಗದದ ಮೇಲೆ ಮತ್ತೆ ಲೆಕ್ಕ ಹಾಕಿದೆವು. ಮೂರು ಲಕ್ಷದ ಬದಲು ಒಂದೂ ಮುಕ್ಕಾಲು ಲಕ್ಷ ಸಾಕಾಯಿತು. ಅದರಲ್ಲಿ ಒಂದು ಲಕ್ಷ ಸೋದರಮಾವ ಕೊಟ್ಟರು, ಉಳಿದದ್ದು ಸಹಕಾರ ಸಂಘದ ಸಾಲ. ಅಟ್ಟದ ಕೊಬ್ಬರಿಯನ್ನು ಅವರು ಮುಟ್ಟಲಿಲ್ಲ.

ಆಗಸ್ಟ್ ಎರಡನೆಯ ವಾರ ವಸುಧಾ ಹೊರಟಳು. ಅಕ್ಟೋಬರ್‌ನಲ್ಲಿ ಒಂದು ಪತ್ರ ಬಂತು: ಸಾಲ ತೀರಿಸುತ್ತಿದ್ದಾಳೆ, ಸಭೆಯಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದಳಂತೆ, ತೋಟದ ಕೊಳವೆಬಾವಿಯ ಮಾದರಿಯನ್ನು ಪ್ರಾಧ್ಯಾಪಕಿಗೆ ಇನ್ನೂ ತೋರಿಸಿಲ್ಲವಂತೆ. ತೋರಿಸು ಎಂದು ಅಂದೇ ಬರೆದೆ.