ಕಂಟೇನರ್: ಹಡಗಿನದೋ, ರೈಲಿನದೋ?

ಪ್ರಶ್ನೆ: ಹಡಗಿನಿಂದ ಇಳಿಸಿದ ಕಂಟೇನರ್‌ಗಳನ್ನು ಬಾಗಿಲು ತೆರೆಯದೆ ಹಾಗೆಯೇ ಗೂಡ್ಸ್ ರೈಲಿಗೇರಿಸುತ್ತಾರೆ. ಈ ಪದ್ಧತಿಯನ್ನು ಮೊದಲು ತಂದವರು ಯಾರು? ಇದರಿಂದ ರೈಲ್ವೆಗೆ ಲಾಭವಾಯಿತೇ, ನಷ್ಟವಾಯಿತೇ?

ಉತ್ತರ: ಹಡಗಿನವರಿಗಿಂತ ಮೊದಲೇ ಇಂಥ ಪೆಟ್ಟಿಗೆಯನ್ನು ಬಳಸಿದವರು ರೈಲಿನವರು. ಇಂಗ್ಲೆಂಡಿನ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದಲ್ಲಿ 1830ರ ದಶಕದಲ್ಲೇ ಕಲ್ಲಿದ್ದಲು ತುಂಬಿದ ಪೆಟ್ಟಿಗೆಗಳನ್ನು ಕ್ರೇನಿನಿಂದ ಎತ್ತಿ ಕುದುರೆಗಾಡಿಗೆ ವರ್ಗಾಯಿಸುತ್ತಿದ್ದರು. ಅಮೆರಿಕದ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯು 1921ರಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ತಂದು, ಒಳಗಿರುವ ಸರಕು ಯಾವುದೆಂಬುದನ್ನು ಲೆಕ್ಕಿಸದೆ ಬಾಡಿಗೆ ವಿಧಿಸತೊಡಗಿತು. ಆದರೆ ಪ್ರತಿಯೊಂದು ಸರಕಿಗೂ ಬೇರೆ ಬೇರೆ ದರವಿದ್ದ ಕಾಲವದು. ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ದರ ಇಳಿಯಕೂಡದೆಂದು ರೈಲು ದರಗಳನ್ನು ನಿಯಂತ್ರಿಸುತ್ತಿದ್ದ ಅಲ್ಲಿನ ಅಂತರರಾಜ್ಯ ವಾಣಿಜ್ಯ ಆಯೋಗವು 1931ರಲ್ಲಿ ತೀರ್ಮಾನಿಸಿದ್ದರಿಂದ ಆ ಪ್ರಯತ್ನ ಸೊರಗಿತು. ತಂತ್ರಜ್ಞಾನಕ್ಕಿಂತ ದರಪಟ್ಟಿಯೇ ಇಲ್ಲಿ ಅಡ್ಡಿಯಾಯಿತೆನ್ನಬೇಕು.

ಇಂದಿನ ಕಂಟೇನರಿನ ಕಥೆ ಆರಂಭವಾಗುವುದು ಲಾರಿ ಉದ್ಯಮಿ ಮಾಲ್ಕಂ ಮೆಕ್ಲೀನ್ ಅವರಿಂದ. 1956ರ ಏಪ್ರಿಲ್ 26ರಂದು ಅವರ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳೊಂದಿಗೆ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5.83 ಡಾಲರ್ ತಗಲುತ್ತಿದ್ದಲ್ಲಿ, ಈ ವಿಧಾನದಿಂದ 16 ಸೆಂಟ್ಸ್‌ಗಿಂತಲೂ ಕಡಿಮೆಯಾಯಿತೆಂಬುದು ಆಗ ಹಾಕಿದ ಲೆಕ್ಕ.

ಹಳೆಯ ಪೆಟ್ಟಿಗೆಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸವನ್ನು ಮೂಲೆಗಳಲ್ಲಿ ನೋಡಬೇಕು. ಎಂಟೂ ಮೂಲೆಗಳಲ್ಲಿ ರಂಧ್ರಗಳಿರುವ ಗಟ್ಟಿ ಉಕ್ಕಿನ ಎರಕಗಳಿರುತ್ತವೆ. ಕೆಳಗಿನಿಂದ ಆ ರಂಧ್ರದೊಳಕ್ಕೆ ತೂರುವ ಟ್ವಿಸ್ಟ್‌ಲಾಕ್ ಎಂಬ ತಿರುಗುಬೀಗದ ತಲೆಯನ್ನು ಕಾಲು ಸುತ್ತು ತಿರುಗಿಸಿದರೆ ಪೆಟ್ಟಿಗೆ ಅಲುಗದಂತೆ ಬಿಗಿಯುತ್ತದೆ. ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ರೂಪಿಸಿದ ಈ ವಿನ್ಯಾಸದ ಹಕ್ಕನ್ನು ಮೆಕ್ಲೀನ್ ಬಿಟ್ಟುಕೊಟ್ಟದ್ದರಿಂದ ಅದು ಎಲ್ಲರ ಸ್ವತ್ತಾಯಿತು. ಮುಂದೆ 20 ಮತ್ತು 40 ಅಡಿಗಳಂಥ ಅಳತೆಗಳಿಗೂ ಅಂತರರಾಷ್ಟ್ರೀಯ ಮಾನಕಗಳು ಬಂದವು.

ರೈಲ್ವೆಗೆ ಇದರ ಫಲ ಸಿಗಲು ಸಮಯ ಹಿಡಿಯಿತು. ಚಪ್ಪಟೆ ವ್ಯಾಗನ್ ಮೇಲೆ ಒಂದೇ ಪದರದಲ್ಲಿ ಪೆಟ್ಟಿಗೆಗಳನ್ನು ಸಾಗಿಸುವಾಗ ರೈಲಿನ ಉದ್ದಕ್ಕೆ ತಕ್ಕ ಗಳಿಕೆ ಬರುತ್ತಿರಲಿಲ್ಲ. 1977ರಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆಯು ಎರಡು ಗಾಲಿಚೌಕಟ್ಟುಗಳ ನಡುವೆ ತಗ್ಗಾದ ತೊಟ್ಟಿಯಿರುವ ವ್ಯಾಗನನ್ನು ಪರೀಕ್ಷಿಸಿತು. ಕೆಳಗಿನ ಕಂಟೇನರ್ ಆ ತೊಟ್ಟಿಯಲ್ಲಿ ಹಳಿಗೆ ಸಮೀಪವಾಗಿ ಕೂರುವುದರಿಂದ, ಅದರ ಮೇಲೆ ಇನ್ನೊಂದನ್ನು ಹೇರಿದರೂ ಎತ್ತರ ಹದ್ದು ಮೀರುವುದಿಲ್ಲ. 1980ರ ಸ್ಟ್ಯಾಗರ್ಸ್ ಕಾಯ್ದೆ ಅಮೆರಿಕದಲ್ಲಿ ದರ ನಿಯಂತ್ರಣವನ್ನು ಸಡಿಲಿಸಿದ ಮೇಲೆ, 1984ರಲ್ಲಿ ಹಡಗು ಕಂಪನಿ ಅಮೆರಿಕನ್ ಪ್ರೆಸಿಡೆಂಟ್ ಲೈನ್ಸ್ ಲಾಸ್ ಏಂಜಲೀಸ್‌ನಿಂದ ಇಂಥ ರೈಲುಗಳ ನಿಯತ ಸೇವೆಯನ್ನು ಆರಂಭಿಸಿತು. ಏಷ್ಯಾದ ಸರಕಿನ ದೊಡ್ಡ ಪಾಲು ಪನಾಮಾ ಕಾಲುವೆಯ ಸುತ್ತುದಾರಿಯನ್ನು ಬಿಟ್ಟು ಪಶ್ಚಿಮ ತೀರದಲ್ಲೇ ಇಳಿದು, ರೈಲಿನಲ್ಲಿ ಖಂಡವನ್ನು ದಾಟತೊಡಗಿದ್ದು ಹೀಗೆ.

ಆದ್ದರಿಂದ ದೂರದ ಸಾಗಣೆಯಲ್ಲಿ ರೈಲ್ವೆಗೆ ಲಾಭವಾಯಿತೆಂದೇ ನನ್ನ ಉತ್ತರ. ನಷ್ಟ ಅನುಭವಿಸಿದ್ದು ಮುಚ್ಚು ವ್ಯಾಗನ್‌ಗಳ ಹಳೆಯ ವ್ಯವಸ್ಥೆ: ಕಾರ್ಖಾನೆಯ ಬಾಗಿಲಿನವರೆಗೆ ಹಾಕಿದ್ದ ಎಷ್ಟೋ ಕವಲುಹಳಿಗಳಿಗೆ ಕೆಲಸವಿಲ್ಲದಾಯಿತು, ಆ ಕೊನೆಯ ಕೆಲವು ಮೈಲಿಗಳು ಲಾರಿಗಳ ಪಾಲಾದವು. ಎರಡು ಪದರದ ಅನುಕೂಲವೂ ಎಲ್ಲೆಡೆ ಸಿಗುವಂಥದ್ದಲ್ಲ. ತಗ್ಗಾದ ಸುರಂಗ, ಸೇತುವೆ, ವಿದ್ಯುತ್ ತಂತಿಗಳಿರುವ ಯುರೋಪಿನ ಮಾರ್ಗಗಳಲ್ಲಿ ಕಂಟೇನರ್‌ಗಳು ಸಾಮಾನ್ಯವಾಗಿ ಒಂದೇ ಪದರದಲ್ಲಿ ಸಾಗುತ್ತವೆ.