ಅವಳು ಎದ್ದು ಹೊರಡುವಾಗ ನಾನು ತಲುಪುತ್ತಿದ್ದೆ

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ರೇಖಾ ಮತ್ತು ಸಂಧ್ಯಾ ದಾವಣಗೆರೆಯಲ್ಲಿ ಓದುವಾಗ ಹಾಸ್ಟೆಲ್‌ನ ಒಂದೇ ರೂಮಿನಲ್ಲಿದ್ದವರು. ಈಗ ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಜೊತೆಯಾಗಿ ಜಾನ್ ಮ್ಯೂರ್ ಟ್ರೇಲ್ ಅನ್ನುವ ಬೆಟ್ಟದ ಕಾಲುದಾರಿ ನಡೆಯಲು ಹೊರಟರು. ಯೋಸೆಮಿಟಿ ಕಣಿವೆಯಿಂದ ವಿಟ್ನಿ ಶಿಖರದವರೆಗೆ ಸುಮಾರು 340 ಕಿಲೋಮೀಟರ್. ಟೆಂಟು, ಒಲೆ, ಊಟ ಎಲ್ಲ ಬೆನ್ನ ಮೇಲೆ ಹೊತ್ತು ಮೂರು ವಾರದಷ್ಟು ನಡೆಯಬೇಕು. ಅವರು ವಿಟ್ನಿ ತಲುಪಲಿಲ್ಲ. ಇನ್ನು 50 ಕಿಲೋಮೀಟರ್ ಇದೆ ಅನ್ನುವಾಗ ಕಿಯರ್‌ಸಾರ್ಜ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ಸಂದಿ) ದಾಟಿ ಕೆಳಗಿಳಿದು ಮನೆಗೆ ಬಂದರು. ಆಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ.

ಆಪ್ತಸಲಹೆಗೆಂದು ರೇಖಾ ನನ್ನನ್ನು ವಿಡಿಯೊ ಕರೆಯಲ್ಲಿ ಭೇಟಿಯಾದಾಗ ಮೊದಲು ಹೇಳಿದ್ದು ಇಷ್ಟು: "ಮೇಡಂ, ಇಪ್ಪತ್ತು ವರ್ಷದ ಸ್ನೇಹ. ಒಂದು ಡಬ್ಬಿ ಚಟ್ನಿಪುಡಿಗೆ ಹೋಯ್ತು."

ಚಟ್ನಿಪುಡಿಯ ಕಥೆ ಹೀಗಿದೆ. ದಾರಿಯ ಅರ್ಧಕ್ಕೆ ಮ್ಯೂರ್ ಟ್ರೇಲ್ ರಾಂಚ್ ಅಂತ ಒಂದು ಜಾಗ. ನಡೆಯುವವರು ಅಲ್ಲಿಗೆ ಮೊದಲೇ ಬಕೆಟ್ಟಿನಲ್ಲಿ ದಿನಸಿ ತುಂಬಿ ಅಂಚೆಯಲ್ಲಿ ಕಳಿಸಿರುತ್ತಾರೆ. ಅಲ್ಲಿಂದ ಮುಂದೆ ದಾರಿಯಲ್ಲಿ ಅಂಗಡಿ ಇಲ್ಲ. ಎಂಟೊಂಬತ್ತು ದಿನದ ಊಟವನ್ನು ಒಮ್ಮೆಗೇ ಹೊರಬೇಕು. ಅದೆಲ್ಲ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯೊಳಗೆ ಹಿಡಿಯಬೇಕು. ಟೂತ್‌ಪೇಸ್ಟು, ಸನ್‌ಸ್ಕ್ರೀನು, ವಾಸನೆ ಇರುವ ಏನಿದ್ದರೂ ಅದರೊಳಗೇ. ಎಷ್ಟು ಒತ್ತಿದರೂ ಮುಚ್ಚಳ ಕೂರಲಿಲ್ಲ. ಸಂಧ್ಯಾ ಚಟ್ನಿಪುಡಿ ತೆಗೆದು, ಬೇರೆಯವರು ತೆಗೆದುಕೊಳ್ಳಲಿ ಅಂತ ಇಟ್ಟಿರುವ ಬಕೆಟ್ಟಿಗೆ ಹಾಕಿಬಿಟ್ಟರು. ಕೇಳಲಿಲ್ಲ. ಅದು ರೇಖಾ ಅವರ ಅಮ್ಮ ಕುಟ್ಟಿ ಕಳಿಸಿದ್ದ ಪುಡಿ. ಸಂಜೆ ಅವಲಕ್ಕಿಗೆ ಕಲಸಿಕೊಳ್ಳೋಣ ಅಂತ ಹುಡುಕಿದಾಗ ಗೊತ್ತಾಯಿತು.

ಇಂಥ ಜಗಳಗಳಲ್ಲಿ ಕೊನೆಯದಾಗಿ ಆದದ್ದೇ ಕಾರಣ ಅನ್ನಿಸುತ್ತದೆ. ನನಗೆ ಹಾಗೆ ಕಾಣಲಿಲ್ಲ. "ಅವಳಿಗೆ ಅಹಂಕಾರ" ಅಂತ ರೇಖಾ ಮತ್ತೆ ಮತ್ತೆ ಹೇಳುತ್ತಿದ್ದರು. ಸ್ವಭಾವದ ಮೇಲೆ ಹೊರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಸರಿಪಡಿಸಲು ಏನೂ ಉಳಿಯುವುದಿಲ್ಲ. ಅದಕ್ಕೆ ನಾನು ಕೇಳಿದ್ದು ಒಂದೇ: "ಸ್ನೇಹದ ಬಗ್ಗೆ ಬೇಡ. ಆ ದಾರಿಯ ಯಾವುದಾದರೂ ಒಂದು ಸಾಧಾರಣ ದಿನ ಬರೆದುಕೊಂಡು ಬನ್ನಿ. ಏಳುವುದರಿಂದ ಮಲಗುವವರೆಗೆ, ಗಂಟೆ ಗಂಟೆಗೆ."

ಬರೆದು ತಂದರು. ಬೆಳಗ್ಗೆ ಐದಕ್ಕೆ ಎಚ್ಚರ. ಟೆಂಟಿನ ಒಳಗೆಲ್ಲ ಇಬ್ಬನಿ ಹನಿ. ಸಂಧ್ಯಾ ಇಪ್ಪತ್ತು ನಿಮಿಷದಲ್ಲಿ ಚೀಲ ಕಟ್ಟಿ ನಿಲ್ಲುತ್ತಾರೆ, ರೇಖಾಗೆ ಒಂದು ಗಂಟೆ ಬೇಕು. ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ, ಹಾಗಾಗಿ ಅಷ್ಟರೊಳಗೆ ಪಾಸ್ ದಾಟಬೇಕು. ಅದರ ಆಚೆ ಇಳಿಜಾರು, ಸೊಳ್ಳೆ, ಚಪ್ಪಲಿ ಹಾಕಿಕೊಂಡು ದಾಟುವ ತಣ್ಣನೆ ತೊರೆ. ಇದೆಲ್ಲದರ ನಡುವೆ ಒಂದು ಸಾಲು ಇತ್ತು. "ಸಂಧ್ಯಾ ತಿರುವಿನಲ್ಲಿ ಕಾಯುತ್ತಿದ್ದಳು. ನಾನು ಹೋಗುತ್ತಿದ್ದಂತೆ ಎದ್ದಳು. ಹೊರಟೆವು."

ಆ ಸಾಲನ್ನು ಮತ್ತೆ ಓದಿಸಿದೆ. "ನೀವು ಎಲ್ಲಿ ಕೂತಿರಿ?" ಅಂತ ಕೇಳಿದೆ. ರೇಖಾ ಸುಮಾರು ಹೊತ್ತು ಯೋಚಿಸಿದರು. "ಕೂರಲಿಲ್ಲ ಮೇಡಂ. ಅವಳು ಅಷ್ಟೊತ್ತು ಕಾದಿದ್ದಳಲ್ಲ, ಇನ್ನೂ ಕಾಯಿಸೋದು ಹೇಗೆ ಅಂತ."

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇಗ ನಡೆಯುವವರಿಗೆ ಪ್ರತಿ ತಿರುವಿನಲ್ಲೂ ಹದಿನೈದಿಪ್ಪತ್ತು ನಿಮಿಷ ವಿಶ್ರಾಂತಿ ಸಿಗುತ್ತದೆ. ನೀರು ಕುಡಿಯುತ್ತಾರೆ, ಶೂ ಬಿಚ್ಚಿ ಕಾಲಿಗೆ ಗಾಳಿ ಆಡಿಸುತ್ತಾರೆ. ನಿಧಾನದವರು ತಲುಪುವ ಹೊತ್ತಿಗೆ ಅವರ ದಣಿವು ಆರಿ, ಬೇಸರವೂ ಬಂದಿರುತ್ತದೆ. ಏಳುತ್ತಾರೆ. ಯಾರಿಗೆ ವಿಶ್ರಾಂತಿ ಜಾಸ್ತಿ ಬೇಕೋ ಅವರಿಗೇ ಅದು ಸಿಗುವುದಿಲ್ಲ. ಕೂರದವರ ಕಾಲು ಮಾರನೇ ದಿನ ಇನ್ನೂ ನಿಧಾನವಾಗುತ್ತದೆ, ಕಾಯುವುದು ಇನ್ನೂ ಹೆಚ್ಚುತ್ತದೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ದಿನದಿನಕ್ಕೂ ಒಬ್ಬರ ಎದೆಯಲ್ಲಿ "ನಾನು ಹೊರೆ" ಅನ್ನುವುದು, ಇನ್ನೊಬ್ಬರ ಎದೆಯಲ್ಲಿ "ನಾನೇ ಯಾವಾಗಲೂ ಕಾಯಬೇಕು" ಅನ್ನುವುದು ಬೆಳೆಯುತ್ತಲೇ ಹೋಗುತ್ತದೆ.

ಸಂಧ್ಯಾ ಅವರೂ ಒಂದು ದಿನ ಬರೆದುಕೊಡುತ್ತಾರಾ ಅಂತ ಕೇಳಿಸಿದೆ. ಮೊದಲು ಒಲ್ಲೆ ಅಂದರು, ಕೆಲವು ವಾರದ ಮೇಲೆ ಬರೆದು ಕಳಿಸಿದರು. ಅವರು ಆರಿಸಿಕೊಂಡದ್ದು ಸಾಧಾರಣ ದಿನವನ್ನಲ್ಲ, ಕೊನೆಯ ದಿನವನ್ನು.

ಹಿಂದಿನ ರಾತ್ರಿ ರೇ ಸರೋವರಗಳ ಹತ್ತಿರ ತಂಗಿದ್ದರು. ಬೆಳಗ್ಗೆ ಗ್ಲೆನ್ ಪಾಸ್ ಹತ್ತುವಾಗ ರೇಖಾ ತುಂಬ ಹಿಂದೆ ಬಿದ್ದರು. ಮೇಲೆ ಸಂಧ್ಯಾ ಅಂದರಂತೆ, "ಹೀಗಾದ್ರೆ ಫಾರೆಸ್ಟರ್ ನಿನ್ನಿಂದ ಆಗಲ್ಲ ಬಿಡೇ." ಮುಂದಿನ ಫಾರೆಸ್ಟರ್ ಪಾಸ್ 4,000 ಮೀಟರ್ ದಾಟುತ್ತದೆ, ಆ ದಾರಿಯಲ್ಲಿ ಎಲ್ಲರೂ ಹೆದರುವ ಏರು. ರೇಖಾ "ನಾನು ಕೆಳಗೆ ಹೋಗ್ತೀನಿ, ನೀನು ಹೋಗ್ಕೋ" ಅಂದು, ಕವಲಿನಲ್ಲಿ ಕಿಯರ್‌ಸಾರ್ಜ್ ಕಡೆ ತಿರುಗಿಬಿಟ್ಟರು. ಇದ್ದದ್ದು ಒಂದೇ ಟೆಂಟು, ಅದು ಸಂಧ್ಯಾ ಚೀಲದಲ್ಲಿ. ಒಲೆ ರೇಖಾ ಚೀಲದಲ್ಲಿ.

ರೇಖಾಗೆ ಗೊತ್ತಿದ್ದದ್ದು ಇಷ್ಟೇ: ಸಂಧ್ಯಾ ಒಂದೂ ಮಾತಾಡದೆ ಆನಿಯನ್ ವ್ಯಾಲಿಯ ಕಾರ್ ನಿಲ್ಲಿಸುವ ಜಾಗದವರೆಗೆ ಹಿಂದೆ ಹಿಂದೆ ಬಂದರು. ಒಲೆ ಇಲ್ಲದೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಬಂದಳು ಅಂತ ಅಂದುಕೊಂಡಿದ್ದರು. ಸಂಧ್ಯಾ ಬರೆದದ್ದು ಬೇರೆ. "ಗೊಜ್ಜವಲಕ್ಕಿ, ಬಾದಾಮಿ ನನ್ನ ಡಬ್ಬಿಯಲ್ಲೇ ಇತ್ತು. ಒಲೆ ಇಲ್ಲದೆ ಮೂರು ದಿನ ನಡೆಯೋದು ಕಷ್ಟ ಇರಲಿಲ್ಲ. ಅವಳು ಅಳ್ತಾ ಇದ್ದಳು. ಅಳ್ತಾ ಕಲ್ಲಿನ ಮೇಲೆ ಇಳಿಯೋವಾಗ ಕಾಲು ಜಾರುತ್ತೆ. ಅವಳನ್ನ ಒಬ್ಬಳೇ ಬಿಡೋಕೆ ಆಗಲಿಲ್ಲ."

ಇದನ್ನು ಓದಿ ಹೇಳಿದಾಗ ರೇಖಾ ಕ್ಯಾಮೆರಾ ಆಫ್ ಮಾಡಿಕೊಂಡರು. ಮತ್ತೆ ಬಂದಾಗ, "ಆ ಒಂದು ದಿನ ಅವಳು ನನ್ನ ಹಿಂದೆ, ನನ್ನ ವೇಗದಲ್ಲಿ ನಡೆದಳು ಮೇಡಂ. ನಾನು ನೋಡಲೇ ಇಲ್ಲ" ಅಂದರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಕ್ಷಮೆಯ ಬಗ್ಗೆ. ಚಟ್ನಿಪುಡಿಗೆ ಸಂಧ್ಯಾ, ಕೈಬಿಟ್ಟ ವಿಟ್ನಿಗೆ ರೇಖಾ, ಇಬ್ಬರೂ ಬೇರೆ ಬೇರೆ ಹೇಳಬೇಕು, "ಆದರೆ" ಸೇರಿಸಬಾರದು ಅಂದೆ. ಕರೆ ಮಾಡುವುದು ಕಷ್ಟ ಅಂದರೆ ವಾಯ್ಸ್ ಮೆಸೇಜ್ ಸಾಕು. ರೇಖಾ ಮೊದಲು ಕಳಿಸಿದರು.

ಮತ್ತೆ ನಡೆಯುವ ಮನಸ್ಸಿದ್ದರೆ ದಿನದ ಕ್ರಮ ಬದಲಾಗಬೇಕು. ವಿಶ್ರಾಂತಿಯ ಲೆಕ್ಕ ನಿಧಾನದವರು ಕೂತ ಮೇಲೆ ಶುರು. ಅವರು ನೀರು ಕುಡಿದು, ಏನಾದರೂ ತಿಂದು, "ಹೊರಡೋಣ" ಅನ್ನುವವರೆಗೆ ಇನ್ನೊಬ್ಬರು ಚೀಲ ಮುಟ್ಟಬಾರದು. ಏರುವಾಗ ನಿಧಾನದವರು ಮುಂದೆ ಇರಲಿ. ಬೇಗದವರಿಗೆ ಅದು ಹಿಂಸೆ ಅನ್ನಿಸಿದರೆ ಬೇರೆಬೇರೆಯಾಗಿ ನಡೆಯಲಿ, ತಪ್ಪೇನಿಲ್ಲ, ಆದರೆ ಪ್ರತಿ ಕವಲಿನಲ್ಲೂ, ತೊರೆ ದಾಟುವ ಮೊದಲೂ, ಪಾಸಿನ ಬುಡದಲ್ಲೂ ಸೇರಲೇಬೇಕು. ಹೊರೆ ಒಂದು ಕೆಜಿ ಜಾಸ್ತಿಯಾದರೂ ಪರವಾಗಿಲ್ಲ, ಇಬ್ಬರಿಗೂ ಸ್ವಂತ ಟೆಂಟು, ಸ್ವಂತ ನೀರಿನ ಫಿಲ್ಟರು ಇರಲಿ. ಬಿಟ್ಟು ಹೋಗಲು ಆಗುತ್ತದೆ ಅಂತ ಗೊತ್ತಿದ್ದರೆ ಜೊತೆಗಿರುವುದು ಹಗುರಾಗುತ್ತದೆ.

ದೂರು ಹೇಳುವುದು ರಾತ್ರಿ ಊಟ ಆದ ಮೇಲೆ ಮಾತ್ರ. ಹಸಿದಾಗ ಬೇಡ, ಪಾಸಿನ ಮೇಲಂತೂ ಬೇಡವೇ ಬೇಡ. ಆ ದಿನದ್ದು ಒಂದೇ ವಿಷಯ. ಇನ್ನೊಬ್ಬರ ಡಬ್ಬಿಯಿಂದ ಒಂದು ಏಲಕ್ಕಿ ತೆಗೆಯುವುದಿದ್ದರೂ ಕೇಳಿ ತೆಗೆಯಿರಿ ಅಂದೆ.

ಒಬ್ಬರಿಗೆ ಇಳಿಯಬೇಕು ಅನ್ನಿಸಿದರೆ ಇನ್ನೊಬ್ಬರು ಏನು ಮಾಡುವುದು ಅನ್ನುವುದನ್ನು ಮನೆಯಲ್ಲೇ ಕೂತು ಬರೆದಿಡಬೇಕು. ಯಾವ ಜಾಗದಿಂದ ಇಳಿಯಬಹುದು, ಯಾರು ಕಾರು ತರುತ್ತಾರೆ, ಇನ್ನೊಬ್ಬರು ಮುಂದೆ ಹೋದರೆ ಕೋಪ ಇಲ್ಲ, ಹೀಗೆ.

ಇದರ ಜೊತೆ ಒಂದು ಎಚ್ಚರಿಕೆ ಕೊಟ್ಟೆ, ಇದು ಮನಸ್ಸಿಗಿಂತ ದೇಹಕ್ಕೆ ಸೇರಿದ್ದು. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು. ತಲೆನೋವು, ವಾಂತಿ, ಊಟ ಸೇರದಿರುವುದು ಅದರ ಗುರುತು. ಅದು ಬಂದಾಗ ಮೇಲೆ ಹತ್ತಬಾರದು. ತೂರಾಡಿಕೊಂಡು ನಡೆಯುವುದು, ಮಾತು ತಡಬಡಾಯಿಸುವುದು, ಸುಮ್ನೆ ಕೂತಾಗಲೂ ಏದುಸಿರು ಕಂಡರೆ ತಕ್ಷಣ ಕೆಳಗಿಳಿಯಬೇಕು, ಸಹಾಯ ಕರೆಯಬೇಕು. "ಇವಳದ್ದು ಯಾವಾಗಲೂ ಇದೇ ನಿಧಾನ" ಅಂತ ಗೊಣಗುವವರಿಗೆ ಇದು ಕಾಣುವುದಿಲ್ಲ.

ಇಬ್ಬರೂ ಈಗ ಮಾತಾಡುತ್ತಾರೆ. ಮೊದಲಿನಷ್ಟು ಸಲೀಸಾಗಿ ಇನ್ನೂ ಇಲ್ಲ. ಸಂಧ್ಯಾಗೆ ವಿಟ್ನಿಯ ಬೇಸರ ಉಳಿದಿದೆ, ಅದನ್ನು ಬಾಯಿಬಿಟ್ಟು ಹೇಳಿದ್ದಾರೆ, ರೇಖಾ ಸಮಜಾಯಿಷಿ ಕೊಡದೆ ಕೇಳಿಸಿಕೊಂಡಿದ್ದಾರೆ. ಮುಂದಿನ ಬೇಸಿಗೆಗೆ ಸಂಧ್ಯಾ ಒಬ್ಬರೇ ವಿಟ್ನಿಗೆ ಪರ್ಮಿಟ್ ಹಾಕುತ್ತಾರೆ. ಅದಾದ ಮೇಲೆ ಇಬ್ಬರೂ ಸೇರಿ ರೇ ಸರೋವರಗಳ ಸುತ್ತಿನ ದಾರಿ ನಡೆಯುವುದು ಅಂತ ಮಾತಾಗಿದೆ. ಅದು ಸುಮಾರು 66 ಕಿಲೋಮೀಟರ್, ನಾಲ್ಕೈದು ದಿನದ್ದು. ಟೆಂಟು ಎರಡು.